ಮಂಜೂರಾಗಿದೆ ಅಂತ ತೋರಿಸುತ್ತೆ, ದುಡ್ಡು ಬಂದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ಸ್ಕಾಲರ್‌ಶಿಪ್ ವಿಷಯವೇ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಅದೇ ಕಷ್ಟವನ್ನು ಇನ್ನೂ ಹಲವರು ಬೇರೆ ಬೇರೆ ಮಾತಿನಲ್ಲಿ ಬರೆದಿದ್ದಾರೆ.

ಪ್ರಶ್ನೆ: ಮೇಡಂ, ನಾನು ಹೊಸನಗರ ತಾಲ್ಲೂಕಿನವಳು. ಶಿವಮೊಗ್ಗದಲ್ಲಿ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಮೂವರು ಸೇರಿ ರೂಮ್ ಮಾಡಿಕೊಂಡಿದ್ದೇವೆ. ಅಪ್ಪ ಬಗರ್‌ಹುಕುಂ ಜಾಗದಲ್ಲಿ (ಹಕ್ಕುಪತ್ರ ಇಲ್ಲದ ಸರ್ಕಾರಿ ಜಾಗ) ಗದ್ದೆ ಮಾಡುತ್ತಾರೆ, ಅಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ನಾವು ಹಿಂದುಳಿದ ವರ್ಗದ 2ಎ. ಹೋದ ವರ್ಷ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದು ಮಂಜೂರಾಗಿದೆ ಅಂತ ತೋರಿಸುತ್ತಿದೆ, ದುಡ್ಡು ಮಾತ್ರ ಬಂದಿಲ್ಲ. ಜೊತೆಯವರಿಗೆಲ್ಲ ಬಂದಿದೆ. ಕಾಲೇಜು ಬಿಟ್ಟು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿಬಿಡಲಾ ಅನ್ನಿಸುತ್ತಿದೆ.
– ಹೆಸರು ಬೇಡ

ಉತ್ತರ: ಕಾಲೇಜು ಬಿಡಬೇಡ ಪುಟ್ಟಿ. ಮಂಜೂರಾಗಿದೆ ಅಂತ ಬಂದಿದ್ದರೆ ಕಷ್ಟದ ಕೆಲಸ ಮುಗಿದಿದೆ. ದುಡ್ಡು ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಅದನ್ನು ಹುಡುಕಬೇಕು ಅಷ್ಟೆ.

ನಾನು ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೆಲಸ ನೋಡಿಕೊಳ್ಳುತ್ತಿದ್ದಾಗ ಒಬ್ಬಳು ಹುಡುಗಿ ನಿನ್ನ ಹಾಗೇ ಬಂದು ನಿಂತಿದ್ದಳು. ಆಷಾಢದ ಮಳೆ. ಪಾಸ್‌ಬುಕ್ಕನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು, ಆದರೂ ಮೊದಲ ಪುಟದ ಶಾಯಿ ಹರಡಿ ಅವಳ ಹೆಸರಿನ ಅರ್ಧ ಅಳಿಸಿಹೋಗಿತ್ತು. ಅರ್ಜಿಯಲ್ಲಿ ಆ ಖಾತೆಯದೇ ನಂಬರ್ ಇತ್ತು, ಎಲ್ಲ ಸರಿ ಇತ್ತು, ಒಂದು ರೂಪಾಯಿಯೂ ಬಂದಿರಲಿಲ್ಲ. ಕೊನೆಗೆ ನೋಡಿದರೆ ಅವಳ ಆಧಾರ್ ಸೇರಿಕೊಂಡಿದ್ದು ಹೈಸ್ಕೂಲಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ತೆರೆದಿದ್ದ ಹಳೇ ಖಾತೆಗೆ. ಆ ಪಾಸ್‌ಬುಕ್ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಎರಡು ವರ್ಷದ ದುಡ್ಡು ಅಲ್ಲೇ ಕೂತಿತ್ತು. ಅಷ್ಟು ದಿನ ಆ ಹುಡುಗಿ ಮಧ್ಯಾಹ್ನದ ಊಟ ಬಿಟ್ಟು ಬಾಡಿಗೆ ಹೊಂದಿಸಿದ್ದಳು. ಅದನ್ನು ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಹೀಗಾಗುವುದಕ್ಕೆ ಕಾರಣ ಇದೆ. ಈ ದುಡ್ಡು ಖಾತೆ ನಂಬರ್ ನೋಡಿಕೊಂಡು ಬರುವುದಿಲ್ಲ, ಆಧಾರ್ ನಂಬರ್ ನೋಡಿಕೊಂಡು ಬರುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅನ್ನುವ ಪಟ್ಟಿ ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಇರುತ್ತದೆ. ನಿನ್ನ ಹೆಸರಿನಲ್ಲಿ ಮೂರು ಖಾತೆ ಇದ್ದರೂ ಆ ಪಟ್ಟಿಯಲ್ಲಿ ಇರುವುದು ಒಂದೇ ಬ್ಯಾಂಕ್. ಅದು ಯಾವುದು ಅಂತ ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಗೊತ್ತಾಗುತ್ತದೆ, ಆಧಾರ್‌ಗೆ ಕೊಟ್ಟ ಮೊಬೈಲ್‌ಗೆ ಓಟಿಪಿ ಬರಬೇಕು. ಅಲ್ಲಿ ಹಳೇ ಬ್ಯಾಂಕಿನ ಹೆಸರು ಬಂದರೆ ಮೊದಲು ಅಲ್ಲಿ ಹೋಗಿ ವಿಚಾರಿಸು, ದುಡ್ಡು ಅಲ್ಲೇ ಇರಬಹುದು. ‘ಇನ್‌ಆಕ್ಟಿವ್’ ಅಂತ ಬಂದರೆ ಈಗಿನ ಬ್ಯಾಂಕಿಗೆ ಹೋಗು.

ಇಲ್ಲೊಂದು ಮಾತು ಗಮನ ಇಟ್ಟು ಕೇಳು. ಕೌಂಟರಿನಲ್ಲಿ “ಆಧಾರ್ ಲಿಂಕ್ ಆಗಿದೆಯಮ್ಮಾ” ಅಂತ ಹೇಳಿ ಕಳಿಸಿಬಿಡುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಖಾತೆ ತೆರೆಯುವಾಗ ಗುರುತಿಗೆ ಕೊಟ್ಟ ಆಧಾರ್ ಬೇರೆ, ಸರ್ಕಾರದ ದುಡ್ಡು ಬರಲು ಎನ್‌ಪಿಸಿಐ ಪಟ್ಟಿಗೆ ಸೇರಿಸುವ ಮ್ಯಾಪಿಂಗ್ ಬೇರೆ. “ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ, ಒಪ್ಪಿಗೆ ಪತ್ರ ಕೊಡ್ತೀನಿ” ಅಂತ ಬಾಯಿಬಿಟ್ಟು ಕೇಳಬೇಕು. ನಾಚಿಕೆ ಪಡಬೇಡ. ಅರ್ಜಿ ಬರೆದು ಕೊಟ್ಟು, ಅದರ ಪ್ರತಿಗೆ ಸೀಲ್ ಹಾಕಿಸಿಕೊಂಡು ಬಾ.

ಖಾತೆ ಸರಿ ಇದ್ದರೆ ಹೆಸರು ನೋಡು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜಾತಿ ಪತ್ರದಲ್ಲಿ ಬರೀ ನಿನ್ನ ಹೆಸರು, ಹೀಗೆ ಮೂರು ಕಡೆ ಮೂರು ಥರ ಇದ್ದರೆ ತೊಂದರೆ ಆಗಬಹುದು. ನಾಡಕಚೇರಿಯ ಜಾತಿ ಆದಾಯ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದಲ್ಲ, ಅದನ್ನೇ ಎಸ್‌ಎಸ್‌ಪಿ ಪರಿಶೀಲಿಸುವುದು. ನಿಮ್ಮದು 2ಎ ಆಗಿರುವುದರಿಂದ ಆ ಪತ್ರಕ್ಕೆ 5 ವರ್ಷ ಆಯಸ್ಸು. ಎಷ್ಟೋ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ ಮಾಡಿಸಿದ್ದನ್ನೇ ಡಿಗ್ರಿಯ ಕೊನೇ ವರ್ಷದವರೆಗೂ ಎಳೆಯುತ್ತಾರೆ, ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಇನ್ನೊಂದು, ಹೋದ ವರ್ಷ ಹಾಕಿದ್ದೇನೆ ಅಂತ ಸುಮ್ನೆ ಕೂರಬೇಡ. ಅರ್ಜಿ ಪ್ರತಿ ವರ್ಷ ಹಾಕಬೇಕು.

ಬಾಡಿಗೆ ವಿಷಯಕ್ಕೆ ಬರೋಣ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಅಂತಲೇ ವಿದ್ಯಾಸಿರಿ ಇದೆ. ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುವ ಯೋಜನೆ. ಹಾಜರಿ 75 ಪರ್ಸೆಂಟ್ ಇರಬೇಕು. ಅದೇ ಎಸ್‌ಎಸ್‌ಪಿಯಲ್ಲೇ ಕೇಳಬೇಕು, ಶುಲ್ಕ ವಿನಾಯಿತಿಗೆ ಮಾತ್ರ ಹಾಕಿ ಇದನ್ನು ಬಿಟ್ಟವರು ತುಂಬ ಜನ. ನಿನ್ನ ಅರ್ಜಿಯನ್ನು ಒಮ್ಮೆ ತೆಗೆದು ನೋಡು. ಜೊತೆಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಹಾಸ್ಟೆಲ್ ಸೀಟನ್ನೂ ಮತ್ತೆ ಕೇಳು. ವರ್ಷದ ಮಧ್ಯದಲ್ಲಿ ಬಿಟ್ಟುಹೋಗುವವರು ಇರುತ್ತಾರೆ. ಕೇಳಿದವರಿಗೇ ಅದು ಸಿಗುವುದು.

ಅಪ್ಪನ ಜಮೀನಿನ ಮಾತು. ರೈತ ವಿದ್ಯಾನಿಧಿ 2021ರಲ್ಲಿ ಬಂದಾಗ ಡಿಗ್ರಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಅಂತ ಮಾಡಿದರು. ಆದರೆ ಅದಕ್ಕೆ ಎಫ್‌ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ನಂಬರ್ ಬೇಕು, ಎಫ್‌ಐಡಿಗೆ ಪಹಣಿ ಬೇಕು. ಬಗರ್‌ಹುಕುಂನವರಿಗೆ ಪಹಣಿ ಎಲ್ಲಿಂದ ಬರಬೇಕು? ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟು ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡವರ ಮೊಮ್ಮಕ್ಕಳದ್ದೂ ಇದೇ ಪಾಡು. ಕೆಸರಿನಲ್ಲಿ ನಿಂತು ನಟ್ಟಿ ಮಾಡುವವರ ಮಕ್ಕಳು ಕಾಗದದಲ್ಲಿ ರೈತರ ಮಕ್ಕಳಾಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಲೆನಾಡಿನ ಶಾಸಕರು ಎತ್ತಲೇಬೇಕಾದ ಮಾತು ಇದು. ಮುಂದೆ ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳನ್ನೂ ಈ ಯೋಜನೆಗೆ ಸೇರಿಸಿದರು. ನಿನ್ನಮ್ಮ ಕೂಲಿಗೆ ಹೋಗುವವರು. ಆ ದಾರಿಯಲ್ಲಿ ಕೇಳಿ ನೋಡು.

ಅಪ್ಪ ಬೇಸಿಗೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾರಾ? ವರ್ಷಕ್ಕೆ 90 ದಿನ ನಿಜವಾಗಿ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು, ಮಕ್ಕಳ ಓದಿಗೆ ಅಲ್ಲೂ ಸಹಾಯಧನ ಇದೆ. ಕೆಲಸ ಮಾಡದೆ ಕಾರ್ಡ್ ಮಾಡಿಸಿಕೊಡ್ತೀವಿ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಪ್ರಶ್ನೆ: ಮಗಳಿಗೆ ಶಿವಮೊಗ್ಗದಲ್ಲಿ ಡಿಪ್ಲೊಮಾ ಸೀಟು ಸಿಕ್ಕಿದೆ, ಈ ವರ್ಷ ಮೊದಲನೇ ವರ್ಷ. ನಮ್ಮದು ಸಣ್ಣ ಅಂಗಡಿ. ಜನರಲ್ ಕೆಟಗರಿಯವರಿಗೆ ಏನೂ ಇಲ್ಲ ಅನ್ನುತ್ತಾರೆ, ಹೌದಾ?
– ತೀರ್ಥಹಳ್ಳಿಯ ತಂದೆ

ಉತ್ತರ: ಇದೆ ಸರ್. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಹೆಣ್ಣುಮಕ್ಕಳಿಗೆ ಅಂತಲೇ ಇದೆ. ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ದಾಟಬಾರದು. ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು. ಆಯ್ಕೆ ಮಾಡುವುದು ಹಿಂದಿನ ಪರೀಕ್ಷೆಯ ಅಂಕ ನೋಡಿ, ಹಾಗಾಗಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಹಾಕದವರಿಗಂತೂ ಸಿಗುವುದೇ ಇಲ್ಲ. ಇದು ಎಸ್‌ಎಸ್‌ಪಿ ಅಲ್ಲ, ಕೇಂದ್ರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎನ್‌ಎಸ್‌ಪಿಯಲ್ಲಿ ಹಾಕಬೇಕು. ಮೊದಲ ವರ್ಷದಲ್ಲೇ ಹಾಕಿ, ಆಮೇಲೆ ನೋಡೋಣ ಅಂದರೆ ಕೈತಪ್ಪುತ್ತದೆ. ಅಂಗವಿಕಲ ಮಕ್ಕಳಿಗೆ ಇಷ್ಟೇ ಮೊತ್ತದ ಸಕ್ಷಮ್ ಇದೆ, ಗೊತ್ತಿರುವವರಿಗೆ ಹೇಳಿ.

ಪ್ರಶ್ನೆ: ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಂತ ಇದೆ, ಫೀಸ್ ಕಡಿಮೆ, ಅಲ್ಲಿನ ಸರ್ಕಾರವೇ ಗ್ರಾಂಟ್ ಕೊಡುತ್ತದೆ ಅಂತ ಏಜೆಂಟ್ ಒಬ್ಬರು ಹೇಳಿದರು. ಮಗನನ್ನು ಕಳಿಸಲು ತೋಟದ ಮೇಲೆ ಸಾಲ ತೆಗೆಯೋಣ ಅಂತಿದ್ದೇವೆ.
– ಸಾಗರದ ಓದುಗರು

ಉತ್ತರ: ಸಾಲಕ್ಕೆ ಸಹಿ ಹಾಕುವ ಮೊದಲು ಇದನ್ನು ಓದಿ. ಕಮ್ಯುನಿಟಿ ಕಾಲೇಜು ಒಳ್ಳೆಯದೇ. ಎರಡು ವರ್ಷ ಅಲ್ಲಿ ಓದಿ, ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು, ಖರ್ಚು ಉಳಿಯುತ್ತದೆ. ಆದರೆ ಏಜೆಂಟ್ ಹೇಳಿದ ಗ್ರಾಂಟ್ ಅಂದರೆ ಪೆಲ್ ಗ್ರಾಂಟ್. 2024-25ರಲ್ಲಿ ಅದು ವರ್ಷಕ್ಕೆ ಗರಿಷ್ಠ 7,395 ಡಾಲರ್ ಇತ್ತು. ಅದು ಸಿಗುವುದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಹೋಗುವ ನಿಮ್ಮ ಮಗನಿಗೆ ಅದು ಇಲ್ಲ. ಕೆಲವು ಕಾಲೇಜುಗಳು ತಮ್ಮ ಕೈಯಿಂದ ಸಣ್ಣ ಸ್ಕಾಲರ್‌ಶಿಪ್ ಕೊಡುತ್ತವೆ, ಅದನ್ನು ನಂಬಿ ಹೊರಡುವ ಹಾಗಿಲ್ಲ. ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಮೊದಲ ವರ್ಷದ ಖರ್ಚಿನ ದುಡ್ಡು ಇದೆ ಅಂತ ಕಾಲೇಜಿಗೂ ವೀಸಾ ಕಚೇರಿಗೂ ನೀವೇ ತೋರಿಸಬೇಕು. ಕೊಳೆ ರೋಗ, ಎಲೆಚುಕ್ಕಿ ಬಂದು ತೋಟ ಕೈಕೊಟ್ಟ ವರ್ಷ ಕಂತು ಕಟ್ಟುವುದು ಹೇಗೆ ಅನ್ನುವ ಲೆಕ್ಕವನ್ನೂ ಮನೆಯವರೆಲ್ಲ ಕೂತು ಹಾಕಿ. ಮಗನನ್ನೂ ಕೂರಿಸಿಕೊಳ್ಳಿ.

ಪ್ರಶ್ನೆ: ಡಿಗ್ರಿ ಮುಗಿದಿದೆ. ಯುವನಿಧಿ ತೆಗೆದುಕೊಳ್ಳುತ್ತಾ ಎಂ.ಕಾಂ. ಮಾಡಬಹುದಾ?
– ಭದ್ರಾವತಿ

ಉತ್ತರ: ಆಗುವುದಿಲ್ಲ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಶುರುವಾದ ಯೋಜನೆ ಅದು, ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ಪಾಸಾಗಿ 180 ದಿನ ಕೆಲಸ ಸಿಗದವರಿಗೆ ಮಾತ್ರ. ಮುಂದೆ ಓದಲು ಸೇರಿದವರಿಗೆ ಇಲ್ಲ. ಎಂ.ಕಾಂ. ಮಾಡುವ ಮನಸ್ಸಿದ್ದರೆ ಮಾಡಿ, ಸ್ನಾತಕೋತ್ತರಕ್ಕೂ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬಹುದು. ಹಾಕುವ ಮೊದಲು ನಿಮ್ಮ ಆಧಾರ್ ಯಾವ ಬ್ಯಾಂಕಿನಲ್ಲಿದೆ ಅಂತ ನೋಡಿಕೊಳ್ಳಿ.