ಸರ್ಪಸುತ್ತಿನ ಲಸಿಕೆ ಡಿಮೆನ್ಷಿಯಾ ತಡೆಯುತ್ತದೆ ಎಂದು ಖಚಿತವಾಗುವವರೆಗೆ ಕಾಯಲೇ?

ನಿಮ್ಮ ಅಮ್ಮನಿಗೆ 67, ಲಸಿಕೆ ದುಬಾರಿ, ಪುರಾವೆ ಗಟ್ಟಿಯಾಗಲಿ ಎನ್ನುತ್ತಿದ್ದೀರಿ. ಅಪ್ಪನ ವಿಷಯದಲ್ಲಿ ನಾನೂ ಹೀಗೆಯೇ ಕಾಯುತ್ತಾ ಕುಳಿತೆ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದಿದ್ದ ನಮ್ಮ ಅಜ್ಜಿ ಕೊನೆಯ ನಾಲ್ಕು ವರ್ಷ ಸ್ವಂತ ಮಗನನ್ನೇ ‘ನೀವು ಯಾರ ಪೈಕಿ?’ ಎಂದು ಕೇಳುತ್ತಿದ್ದರು. ಹಾಗಾಗಿ 2025ರ ಏಪ್ರಿಲ್‌ನಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬ್ರಿಟನ್ನಿನ ವೇಲ್ಸ್‌ನ ಅಧ್ಯಯನ ಬಂದಾಗ ಕಿವಿ ನಿಮಿರಿತು. ಅಲ್ಲಿ 2013ರಲ್ಲಿ ಲಸಿಕೆ ಆರಂಭಿಸುವಾಗ, 1933ರ ಸೆಪ್ಟೆಂಬರ್ 2ಕ್ಕೆ ಮೊದಲು ಹುಟ್ಟಿದವರಿಗೆ ಇಲ್ಲ, ಆಮೇಲೆ ಹುಟ್ಟಿದವರಿಗೆ ಉಂಟು ಎಂದು ಗೆರೆ ಎಳೆದಿದ್ದರು. ಒಂದೆರಡು ವಾರ ಹಿಂದೆ ಮುಂದೆ ಹುಟ್ಟಿದವರ ನಡುವೆ ಬೇರೇನು ವ್ಯತ್ಯಾಸವಿದ್ದೀತು? ಆರೋಗ್ಯದ ಕಾಳಜಿ ಇರುವವರೇ ಲಸಿಕೆ ಹಾಕಿಸಿಕೊಳ್ಳುತ್ತಾರೆ ಎಂಬ ಹಳೆಯ ಆಕ್ಷೇಪಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಏಳು ವರ್ಷಗಳಲ್ಲಿ ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ ಸುಮಾರು ಶೇ 20ರಷ್ಟು ಕಡಿಮೆ. ಹೆಂಗಸರಲ್ಲಿ ಪರಿಣಾಮ ಇನ್ನೂ ಹೆಚ್ಚು.

ಇಷ್ಟು ಓದಿದವನು ಅಪ್ಪನನ್ನು ಕರೆದುಕೊಂಡು ಹೋಗಬೇಕಿತ್ತು. ನಾನು ಇನ್ನಷ್ಟು ಓದಿದೆ. ವೇಲ್ಸ್‌ನಲ್ಲಿ ಕೊಟ್ಟದ್ದು ಜೀವಂತ ವೈರಾಣುವಿನ ಜೋಸ್ಟಾವ್ಯಾಕ್ಸ್ ಲಸಿಕೆ, ನಾವು ಹಾಕಿಸಬೇಕಾದದ್ದು ಜೀವಂತ ವೈರಾಣು ಇಲ್ಲದ ಶಿಂಗ್ರಿಕ್ಸ್, ಎರಡೂ ಬೇರೆ ಎಂದು ಅಪ್ಪನಿಗೆ ಪಾಠ ಮಾಡಿದೆ. ಶಿಂಗ್ರಿಕ್ಸ್ ಬಗ್ಗೆಯೂ ಆಕ್ಸ್‌ಫರ್ಡ್‌ನವರು 2024ರಲ್ಲೇ ಅಂಥದ್ದೇ ಫಲಿತಾಂಶ ಪ್ರಕಟಿಸಿದ್ದು ಕಣ್ಣಿಗೆ ಬಿತ್ತು. ‘ಅದು ವೈದ್ಯಕೀಯ ದಾಖಲೆ ನೋಡಿ ಹೇಳಿದ್ದು, ಚೀಟಿ ಎತ್ತಿ ಗುಂಪು ಮಾಡಿದ ಪರೀಕ್ಷೆಯಲ್ಲ’ ಎಂದೆ. ಒಂದು ಉತ್ತರ ಸಿಕ್ಕರೆ ಇನ್ನೊಂದು ಪ್ರಶ್ನೆ. ಅದನ್ನು ಜಾಣತನ ಎಂದುಕೊಂಡಿದ್ದೆ. ಒಳಗೆ ಇದ್ದದ್ದು ಎರಡು ಡೋಸಿನ ಖರ್ಚಿನ ಚಿಂತೆ. ಈ ಲೆಕ್ಕಾಚಾರದಲ್ಲೆಲ್ಲ ಸರ್ಪಸುತ್ತು ಎಂಬ ಕಾಯಿಲೆ ಒಮ್ಮೆಯೂ ನೆನಪಾಗಲಿಲ್ಲ. ಲಸಿಕೆ ಇರುವುದೇ ಅದಕ್ಕೆ!

ದೀಪಾವಳಿ ಕಳೆದ ವಾರ ಅಪ್ಪನ ಬಲ ಪಕ್ಕೆಯಲ್ಲಿ ಉರಿ, ಆಮೇಲೆ ಸಾಲಾಗಿ ನೀರುಗುಳ್ಳೆ. ಸೋದರತ್ತೆ ಕೆಮ್ಮಣ್ಣು ಹಚ್ಚಿಸಿದರು. ವೈದ್ಯರ ಬಳಿ ಹೋದಾಗ ಐದನೆಯ ದಿನ. ವೈರಾಣುವಿಗೆ ಕೊಡುವ ಮಾತ್ರೆಯನ್ನು ಮೂರು ದಿನದೊಳಗೆ ಶುರುಮಾಡಬೇಕಿತ್ತು. ಗುಳ್ಳೆ ಒಣಗಿತು, ನೋವು ಉಳಿಯಿತು. ಬನಿಯನ್ ತಾಗಿದರೆ ಕೆಂಡ ಇಟ್ಟಂತಾಗುತ್ತದೆ ಎನ್ನುತ್ತಾರೆ.

ಬೇಸರಿಸಬೇಡಿ, ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ಸರ್ಪಸುತ್ತಿನ ವಿರುದ್ಧ ಸಿಗುವ ರಕ್ಷಣೆ ತೂಕದ ಮಾಲು; ಡಿಮೆನ್ಷಿಯಾ ತಗ್ಗಿದರೆ ಅದು ಕೊಸರು. ಕೊಸರು ಎಷ್ಟು ಎಂದು ಚೌಕಾಸಿ ಮಾಡುತ್ತಾ ಅಂಗಡಿ ಮುಂದೆ ನಿಂತಿದ್ದೀರಿ. 50 ದಾಟಿದವರಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಅಮ್ಮನಿಗೆ ಬೇರೆ ಕಾಯಿಲೆಗಳಿದ್ದರೆ ವೈದ್ಯರಿಗೆ ಹೇಳಿ, ಆದರೆ ಈ ವಾರವೇ ಹೇಳಿ.

ನಮ್ಮ ಅಮ್ಮನಿಗೆ ಜನವರಿಯಲ್ಲಿ ಮೊದಲ ಡೋಸ್ ಹಾಕಿಸಿದೆ. ರಾತ್ರಿ ಮೈ ಬಿಸಿಯಾಗಿ, ತೋಳು ನೋವಾಗಿ, ನನಗೆ ಚೆನ್ನಾಗಿ ಬೈದರು. ಪಕ್ಕದ ಕೋಣೆಯಲ್ಲಿ ಅಂಗಿ ಬಿಚ್ಚಿ ಕುಳಿತಿದ್ದ ಅಪ್ಪ ಅಲ್ಲಿಂದಲೇ, ‘ಎರಡನೆಯದನ್ನೂ ಸುಮ್ಮನೆ ಹಾಕಿಸಿಕೋ’ ಎಂದರು.