ಬಿಸಿ ಮಾಡಿದ ಅನಿಲದ ಸಾಂದ್ರತೆ ಲೆಕ್ಕಕ್ಕಿಂತ ಹೆಚ್ಚು ಇಳಿಯುವುದೇಕೆ?

ಇಲ್ಲಿ ಎರಡು ಕಾರಣಗಳಿವೆ, ಅವನ್ನು ಬೆರೆಸಬೇಡಿ. ಒತ್ತಡ ಬದಲಾಗದಿದ್ದರೆ, 27ರಿಂದ 327 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಅನಿಲದ ಸಾಂದ್ರತೆ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಕೆಲ್ವಿನ್‌ನಲ್ಲಿ ಅದು 300ರಿಂದ 600. ಇದಕ್ಕಿಂತ ಹೆಚ್ಚು ಇಳಿದರೆ ಅಣುಗಳು ಒಡೆದಿರಬಹುದು.

ಫಾಸ್ಫರಸ್ ಪೆಂಟಾಕ್ಲೋರೈಡ್ ನೋಡಿ. ಅಣುತೂಕ 208.5, ಹಾಗಾಗಿ ಒಡೆಯದ ಆವಿಯ ಆವಿ ಸಾಂದ್ರತೆ (ಹೈಡ್ರೋಜನ್‌ಗೆ ಹೋಲಿಸಿದ ಸಾಂದ್ರತೆ, ಅಂದರೆ ಅಣುತೂಕದ ಅರ್ಧ) 104.25. ಒಂದು ಅಣು ಒಡೆದು ಟ್ರೈಕ್ಲೋರೈಡ್ ಮತ್ತು ಕ್ಲೋರಿನ್ ಎಂದು ಎರಡಾಗುತ್ತದೆ. ದ್ರವ್ಯರಾಶಿ ಅಷ್ಟೇ, ಕಣಗಳು ಹೆಚ್ಚು, ಗಾತ್ರವೂ ಹೆಚ್ಚು. ಅಳೆದದ್ದು 69.5 ಬಂದರೆ, 104.25 ÷ 69.5 = 1.5, ಅದರಲ್ಲಿ 1 ಕಳೆಯಿರಿ, ಉಳಿದ 0.5 ಅಂದರೆ ಶೇ. 50 ಒಡೆದಿದೆ. ಪೂರ್ತಿ ಒಡೆದರೂ 52.1ಕ್ಕಿಂತ ಕೆಳಗಿಳಿಯದು, ಇಳಿದರೆ ಅಳತೆಯೇ ತಪ್ಪು.

ಮುಚ್ಚಿದ ಗಟ್ಟಿ ಪಾತ್ರೆಯಲ್ಲಿ ಸಾಂದ್ರತೆ ಬದಲಾಗುವುದೇ ಇಲ್ಲ, ಒತ್ತಡವಷ್ಟೇ ಏರುತ್ತದೆ. ಪರೀಕ್ಷೆಯಲ್ಲಿ ತುಂಬ ಮಂದಿ ಎಡವುವುದು ಇಲ್ಲೇ.

ಪುಣೆಯಲ್ಲಿ ಪ್ರಯೋಗ ಮಾಡುವವರಿಗೆ ಇನ್ನೊಂದು ಮಾತು. ಊರು ಸುಮಾರು 560 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 95 ಕಿಲೋಪಾಸ್ಕಲ್. ಮುಂಬೈಯಲ್ಲಿ ನಡೆಯುವ 101.3 ಅನ್ನೇ ಇಲ್ಲಿಯೂ ಹಾಕಿದರೆ ಅಣುತೂಕ ಸುಮಾರು ಶೇ. 6 ಕಡಿಮೆ ಬಂದು, ಒಡೆಯದ ಅನಿಲವೂ ಒಡೆದಂತೆ ಕಾಣುತ್ತದೆ. ಬ್ಯಾರೋಮೀಟರ್ ನೋಡಿಯೇ ಲೆಕ್ಕ ಹಾಕಿ.