ಓದುಗರ ಪ್ರಶ್ನೆ: ಊಡ್ನಡಾಟಾ ಹಾದಿಗೆ ಹೊರಡುವ ಮುನ್ನ

ಪ್ರಶ್ನೆ: ಮಗಳು ಅಡಿಲೇಡ್‌ನಲ್ಲಿದ್ದಾಳೆ. ಜುಲೈನಲ್ಲಿ ಬಾಡಿಗೆ ಕಾರಿನಲ್ಲಿ ನಾವು ನಾಲ್ವರು ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯ ಮಣ್ಣುರಸ್ತೆಯಾದ ಊಡ್ನಡಾಟಾ ಟ್ರ್ಯಾಕ್ ಹಿಡಿದು, ಅಲ್ಲಲ್ಲಿ ಟೆಂಟ್ ಹಾಕಿಕೊಂಡು ಹೋಗುವವರಿದ್ದೇವೆ. ಘಟ್ಟದ ಮಣ್ಣುರಸ್ತೆ ರೂಢಿಯಿದೆ. ಸಾಕೇ?
– ಓದುಗರು, ಶಿರಸಿ

ಉತ್ತರ: ಘಟ್ಟದ ರೂಢಿ ಅರ್ಧ ಮಾತ್ರ ಕೆಲಸಕ್ಕೆ ಬಂದೀತು. ಇಲ್ಲಿ ತಿರುವುಗಳೇ ವೇಗಕ್ಕೆ ಕಡಿವಾಣ ಹಾಕುತ್ತವೆ. ಅಲ್ಲಿ ದಾರಿ ನೇರ, ವೇಗ ಗೊತ್ತಿಲ್ಲದೇ ಏರುತ್ತದೆ. ಮೊದಲು ಬಾಡಿಗೆ ಕರಾರು ಓದಿ. ಸಾಮಾನ್ಯ ಕಾರನ್ನು ಡಾಂಬರು ಬಿಟ್ಟು ಇಳಿಸಿದರೆ ವಿಮೆ ಸಿಗದು. ಫೋರ್ ವ್ಹೀಲ್ ಡ್ರೈವ್ ಗಾಡಿಗೂ ಇದೇ ಹಾದಿಯ ಹೆಸರು ಹಾಕಿಸಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಹಾದಿ ಶುರುವಾಗುವ ಮರ್ರಿಯಿಂದ ಮುಗಿಯುವ ಮಾರ್ಲಾಕ್ಕೆ ಸುಮಾರು 620 ಕಿ.ಮೀ., ಕಾರವಾರ–ಬೆಂಗಳೂರಿಗಿಂತ ದೂರ. ನಡುವೆ ಇಂಧನ ಸಿಗುವುದು ವಿಲಿಯಂ ಕ್ರೀಕ್, ಊಡ್ನಡಾಟಾ ಎರಡೇ ಕಡೆ, ತಲಾ ಸುಮಾರು 200 ಕಿ.ಮೀ. ಅಂತರದಲ್ಲಿ. ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ.

ಹೆಚ್ಚಿನವರು ಎಡವುವುದು ಟಯರ್ ಗಾಳಿಯಲ್ಲಿ. ಡಾಂಬರಿನ 38 ಪಿಎಸ್‌ಐ ಹಾಗೇ ಇಟ್ಟರೆ ಚೂಪುಗಲ್ಲು ಟಯರನ್ನು ಸೀಳುತ್ತದೆ. ಜಲ್ಲಿ ಮಣ್ಣಿಗೆ 28–30ಕ್ಕೆ ಇಳಿಸಿ, ವೇಗವನ್ನೂ 80ರ ಒಳಗಿಡಿ. ಗಾಳಿ ಕಡಿಮೆ ಮಾಡಿ ವೇಗ ಮಾತ್ರ ಬಿಡದಿದ್ದರೆ ಟಯರಿನ ಪಕ್ಕೆ ಕಾದು ಒಡೆಯುತ್ತದೆ. ಡಾಂಬರಿಗೆ ಮರಳಿದಾಗ ತುಂಬಲು 12 ವೋಲ್ಟಿನ ಕಂಪ್ರೆಸರ್ ಬೇಕು. ಸ್ಟೆಪ್ನಿ ಒಂದಲ್ಲ, ಎರಡು. ಸಡಿಲ ಮಣ್ಣಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗಿಡಲು ದಪ್ಪ ಹಲಗೆಯೊಂದು ಇರಲಿ. ತಗಡಿನ ಶೀಟಿನಂತೆ ಏರಿಳಿತವಿರುವ ರಸ್ತೆ ನಟ್ಟುಬೋಲ್ಟುಗಳನ್ನೆಲ್ಲ ಸಡಿಲಿಸುತ್ತದೆ. ಸಂಜೆ ಬ್ಯಾಟರಿ ಕ್ಲ್ಯಾಂಪ್, ಕ್ಯಾರಿಯರ್ ಬಿಗಿ ನೋಡಿ.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 7 ಲೀಟರ್ ನೀರು. ನಾಲ್ವರಿಗೆ ನಾಲ್ಕು ದಿನಕ್ಕೆ 112 ಲೀಟರ್. ಒಂದೇ ದೊಡ್ಡ ಕ್ಯಾನ್ ಬೇಡ, ಸೋರಿದರೆ ಎಲ್ಲವೂ ಹೋಯಿತು. 10–20 ಲೀಟರಿನವು ಸಾಕು. ಭಾರ ಮೇಲೇರಿದರೆ ಗಾಡಿ ವಾಲುತ್ತದೆ, ಛಾವಣಿಗೆ ಏರಿಸದೆ ಒಳಗೇ ಇಡಿ. ರಾತ್ರಿ ಚಳಿ ಸೊನ್ನೆಯ ಹತ್ತಿರ ಇಳಿಯುವುದುಂಟು, ಬರೀ ಕಂಬಳಿ ಸಾಲದು. ಹಾದಿಯಲ್ಲೇ ಸಿಗುವ ಕೌವರ್ಡ್ ಸ್ಪ್ರಿಂಗ್ಸ್‌ನಲ್ಲಿ ಒಂದು ರಾತ್ರಿ ತಂಗಿ, ಬೆಚ್ಚನೆಯ ಚಿಲುಮೆ ನೀರಿನ ಕೊಳವಿದೆ.

ಪ್ರಶ್ನೆ: ಮಧ್ಯದಲ್ಲಿ ಗಾಡಿ ಕೆಟ್ಟರೆ? ಮಳೆ ಬಂದರೆ?
– ಓದುಗರು, ಕಾರವಾರ

ಉತ್ತರ: ಗಾಡಿ ಬಿಟ್ಟು ನಡೆಯಬೇಡಿ. ನೆರಳು, ನೀರು ಎರಡೂ ಇರುವುದು ಅಲ್ಲೇ, ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿಯೇ ಬೇಗ ಕಾಣುತ್ತದೆ. ಹೆಚ್ಚಿನ ದೂರ ಮೊಬೈಲ್ ಸಿಗ್ನಲ್ ಇಲ್ಲ. ಸ್ಯಾಟಲೈಟ್ ಫೋನ್ ಅಥವಾ ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸುವ ತುರ್ತು ಬೀಕನ್ ಬಾಡಿಗೆಗೆ ಪಡೆಯಿರಿ. ಸಿಗ್ನಲ್ ಇರುವಲ್ಲಿ ತುರ್ತು ಸಂಖ್ಯೆ 000. ಮಳೆಗೆ ಅಲ್ಲಿನ ಜೇಡಿ ಸಾಬೂನಿನಂತಾಗುತ್ತದೆ, ಸರಕಾರವೇ ರಸ್ತೆ ಮುಚ್ಚುತ್ತದೆ. ಮುಚ್ಚಿದ ಮೇಲೆ ಓಡಿಸಿದರೆ ದಂಡ. ಎರಡು ದಿನದ ಆಹಾರ ಹೆಚ್ಚಿಗೆ ಇರಲಿ. ಮುಸ್ಸಂಜೆ ಮೇಲೆ ಓಡಿಸಬೇಡಿ, ಕಾಂಗರೂ ಅಡ್ಡ ಹಾರುವ ಹೊತ್ತು ಅದು.

ಪ್ರಶ್ನೆ: ಆಸ್ಟ್ರೇಲಿಯಾಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದೇ?
– ಓದುಗರು, ಕುಮಟಾ

ಉತ್ತರ: ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ತಿಂಡಿತಿನಿಸು ಇದೆಯೆಂದು ಮುಚ್ಚಿಡದೆ ಬರೆಯಿರಿ. ಬರೆದದ್ದನ್ನು ಕಿತ್ತುಕೊಂಡರೆ ಹೋಗುವುದು ಭರಣಿ ಮಾತ್ರ. ಬರೆಯದೆ ಸಿಕ್ಕಿಬಿದ್ದರೆ ದಂಡವೂ ಕಟ್ಟಬೇಕು.